ಕೂತರೆ ಸಾಲದು, ಕೂಡಬೇಕು!

ಮೃಗಶಿರಾ ಮಳೆ ಹಿಡಿಯಿತೆಂದರೆ ಖಾನಾಪುರ ತಾಲ್ಲೂಕಿನ ಹಳೆಯ ಕಾರುಗಳಿಗೆ ನೆಗಡಿ ಬರುವ ಕಾಲ. ರಾತ್ರಿಯೆಲ್ಲ ಅಂಗಳದಲ್ಲಿ ನೆನೆದ ಗಾಡಿ ಬೆಳಿಗ್ಗೆ ಕೀಲಿ ತಿರುಗಿಸಿದರೆ ಗೊರಗೊರ ಎನ್ನುತ್ತದೆ, ಹೊತ್ತಿಕೊಳ್ಳುವುದಿಲ್ಲ. ಕಣಕುಂಬಿ, ಜಾಂಬೋಟಿ ಕಡೆಯ ಕಾಡಂಚಿನ ಊರುಗಳಲ್ಲಿ ಇದು ಬರಿಯ ಕಿರಿಕಿರಿಯ ಮಾತಲ್ಲ. ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಂಡರೆ ಅಂಗಳದ ಆ ಹಳೆಯ ಕಾರನ್ನೇ ನೆಚ್ಚಿಕೊಳ್ಳಬೇಕು. ಆಗ ಇಡೀ ಎಂಜಿನ್ನಿನ ಮರ್ಯಾದೆ ಒಂದು ಸಣ್ಣ ಬಿಡಿಭಾಗದ ಕೈಯಲ್ಲಿರುತ್ತದೆ.

ಆ ಬಿಡಿಭಾಗ ಹುಡುಕಿಕೊಂಡು ಖಾನಾಪುರದ ಜನ ಬರುವುದು ಸುಮಾರು 25 ಕಿಲೋಮೀಟರ್ ದೂರದ ಬೆಳಗಾವಿಗೆ. ಗ್ಯಾರೇಜು, ಲೇಥು, ಬಿಡಿಭಾಗದ ಅಂಗಡಿಗಳ ಆಟೋ ನಗರದಲ್ಲಿ ಗಿರಾಕಿಗೆ ಎದುರಾಗುವ ಮೊದಲ ಪ್ರಶ್ನೆ: 'ಯಾವ ಗಾಡಿ?' ಉತ್ತರ ಸುಲಭ ಎನಿಸುತ್ತದೆ. ಆದರೆ ತಪ್ಪು ಶುರುವಾಗುವುದೂ ಅಲ್ಲಿಂದಲೇ.

ಹೆಸರು ಒಂದು, ಎಂಜಿನ್ ಹಲವು

'ಅಂಬಾಸಿಡರ್' ಎಂದರೆ ಒಂದೇ ಎಂಜಿನ್ ಅಲ್ಲ. ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಒಂದು. 1990ರ ದಶಕದಲ್ಲಿ ಬಂದ 1.8 ಲೀಟರಿನ ಇಸುಜು ಎಂಜಿನ್ ಇನ್ನೊಂದು. ಡೀಸೆಲ್ ಗಾಡಿಗಂತೂ ಸ್ಪಾರ್ಕ್ ಪ್ಲಗ್ಗೇ ಇಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಕೂಡ ಮೊದಲು ಕಾರ್ಬುರೇಟರ್ ಹೊತ್ತಿತ್ತು, ಅನಂತರ ಇಂಧನ ಚಿಮ್ಮಿಸುವ ವ್ಯವಸ್ಥೆಗೆ ಬದಲಾಯಿತು. ಪ್ರೀಮಿಯರ್ ಪದ್ಮಿನಿಯ ತಯಾರಿಕೆ ಹೊಸ ಶತಮಾನದ ಹೊಸ್ತಿಲಲ್ಲೇ ನಿಂತುಹೋಯಿತು. ಮಾರುತಿ 800 ಮತ್ತು ಅಂಬಾಸಿಡರ್ ಎರಡೂ 2014ರಲ್ಲಿ ನಿಂತವು.

ಕಾರು ನಿಂತರೂ ಬಿಡಿಭಾಗಗಳು ಒಂದೇ ದಿನಕ್ಕೆ ಮಾಯವಾಗುವುದಿಲ್ಲ. ಬೆಂಗಳೂರಿನಲ್ಲಿ 1951ರಲ್ಲಿ ಹುಟ್ಟಿದ ಮೈಕೋ ಕಂಪನಿಯ ಪ್ಲಗ್ ನಮ್ಮ ಹಿರಿಯರಿಗೆಲ್ಲ ಗೊತ್ತು. 2008ರಲ್ಲಿ ಆ ಕಂಪನಿಯ ಹೆಸರೇ ಬಾಷ್ ಎಂದಾಯಿತು. ಹಳೆಯ ಡಬ್ಬಿಯ ಮೇಲೆ ಒಂದು ಹೆಸರು, ಹೊಸ ಡಬ್ಬಿಯ ಮೇಲೆ ಇನ್ನೊಂದು. ನಡುವೆ ಹೆಸರಿಲ್ಲದ ಅಗ್ಗದ ಮಾಲೂ ನುಸುಳುತ್ತದೆ. ಇವುಗಳಲ್ಲಿ ಯಾವುದು ನಮ್ಮ ಗಾಡಿಗೆ ಕೂಡುತ್ತದೆ? ಜಾಗದಲ್ಲಿ ಕೂತ ಮಾತ್ರಕ್ಕೆ ಅದು ಕೂಡಿತು ಎನ್ನಲಾಗದು. ಇದನ್ನು ತಿಳಿಯಲು ಹತ್ತನೆಯ ತರಗತಿಯ ಭೌತಶಾಸ್ತ್ರ ಸಾಕು.

ಕಿಡಿ ಹುಟ್ಟುವ ಬಗೆ

ಕಾರಿನ ಬ್ಯಾಟರಿ ಕೊಡುವುದು 12 ವೋಲ್ಟ್. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಹತ್ತು, ಇಪ್ಪತ್ತು ಸಾವಿರ ವೋಲ್ಟ್ ಬೇಕು. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಈ ಪವಾಡದ ಗುಟ್ಟು. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅದನ್ನು ಬ್ಯಾಟರಿಯೊಂದಿಗೆ ಹೊಂದಿಸಿ ಕಾರಿಗೆ ಅಳವಡಿಸಿದರು.

ಇಗ್ನಿಷನ್ ಕಾಯಿಲ್‌ನೊಳಗೆ ಎರಡು ಸುರುಳಿಗಳಿವೆ. ದಪ್ಪ ತಂತಿಯ ಸುರುಳಿಯಲ್ಲಿ ಸುತ್ತು ಕಡಿಮೆ, ಸಣ್ಣ ತಂತಿಯದರಲ್ಲಿ ಅದರ ಸುಮಾರು ನೂರು ಪಟ್ಟು. ಮೊದಲನೆಯದರಲ್ಲಿ ಹರಿಯುತ್ತಿದ್ದ ವಿದ್ಯುತ್ತನ್ನು ಕಾಂಟ್ಯಾಕ್ಟ್ ಪಾಯಿಂಟ್ ಥಟ್ಟನೆ ಕಡಿದಾಗ ಕಾಂತಕ್ಷೇತ್ರ ಕುಸಿದು, ಎರಡನೆಯದರಲ್ಲಿ ಭಾರೀ ವೋಲ್ಟೇಜ್ ಹುಟ್ಟುತ್ತದೆ. ಡಿಸ್ಟ್ರಿಬ್ಯೂಟರಿನ ರೋಟರ್ ಅದನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುತ್ತದೆ.

ವಿದ್ಯಾರ್ಥಿಗಳು ಒಂದು ಲೆಕ್ಕ ಹಾಕಿ ನೋಡಲಿ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ. ಪ್ರತಿ ಸಿಲಿಂಡರಿಗೆ ಎರಡು ಸುತ್ತಿಗೊಂದು ಕಿಡಿ. ಅಂದರೆ ನಿಮಿಷಕ್ಕೆ 6,000 ಕಿಡಿ, ಸೆಕೆಂಡಿಗೆ 100! ಸೆಕೆಂಡಿಗೆ ನೂರು ಸಲ ಬಾಯಿ ತೆರೆದು ಮುಚ್ಚುವ ಪಾಯಿಂಟಿನ ಬಿರುಕು ಬಹುಪಾಲು ಗಾಡಿಗಳಲ್ಲಿ 0.4ರಿಂದ 0.5 ಮಿಲಿಮೀಟರ್ ಆಸುಪಾಸು. ಬಿರುಕು ಹೆಚ್ಚಾದರೆ ಕಿಡಿ ಬೇಗ ಹಾರುತ್ತದೆ, ಕಡಿಮೆಯಾದರೆ ತಡವಾಗುತ್ತದೆ.

ಪಾಯಿಂಟಿನ ಜೊತೆಗಾರ ಕಂಡೆನ್ಸರ್. ಪಾಯಿಂಟ್ ತೆರೆದಾಗ ಅಲ್ಲೇ ಕಿಡಿ ಹಾರದಂತೆ ತಡೆಯುವುದು ಅದರ ಕೆಲಸ. ಬೆಲೆ ಸುಮಾರು 0.2 ಮೈಕ್ರೋಫ್ಯಾರಡ್. ಅಳತೆ ಹೊಂದದ ಕಂಡೆನ್ಸರ್ ಹಾಕಿದರೂ ಗಾಡಿ ಓಡುತ್ತದೆ. ಆದರೆ ಕೆಲವು ದಿನಗಳಲ್ಲಿ ಪಾಯಿಂಟಿನ ಒಂದು ಮುಖದಲ್ಲಿ ಗುಂಡಿ, ಎದುರು ಮುಖದಲ್ಲಿ ಗುಬ್ಬಿ ಎದ್ದಿರುತ್ತದೆ. ಆಗ ಪಾಯಿಂಟನ್ನಷ್ಟೇ ಬದಲಿಸುವುದು ರೋಗ ಬಿಟ್ಟು ಜ್ವರಕ್ಕೆ ಮದ್ದು ಕೊಟ್ಟಂತೆ.

ಕಾಯಿಲ್‌ನೊಳಗೆ ಓಮ್ ನಿಯಮ

ಅಂಗಡಿಯ ಕಪಾಟಿನಲ್ಲಿ ಎರಡು ಕಾಯಿಲ್‌ಗಳಿವೆ ಎನ್ನೋಣ. ನೋಡಲು ಅವಳಿಜವಳಿ. ಒಂದರ ಮೊದಲ ಸುರುಳಿಯ ರೋಧ 3 ಓಮ್, ಇನ್ನೊಂದರದು 1.5 ಓಮ್. ಎರಡನೆಯದು ಹೊರಗೊಂದು ಬ್ಯಾಲಾಸ್ಟ್ ರೋಧಕ ಇರುವ ಗಾಡಿಗೆಂದು ಮಾಡಿದ್ದು. 12 ವೋಲ್ಟನ್ನು 3 ಓಮ್‌ನಿಂದ ಭಾಗಿಸಿದರೆ 4 ಆಂಪಿಯರ್, 1.5ರಿಂದ ಭಾಗಿಸಿದರೆ 8 ಆಂಪಿಯರ್. ರೋಧಕವಿಲ್ಲದ ಗಾಡಿಗೆ ಈ ಎರಡನೆಯ ಕಾಯಿಲ್ ಜೋಡಿಸಿದರೆ ಇಮ್ಮಡಿ ಪ್ರವಾಹ ಹರಿದು ಕಾಯಿಲ್ ಕಾಯುತ್ತದೆ, ಪಾಯಿಂಟ್ ಸುಡುತ್ತದೆ. ಅಂಗಡಿಯ ಮುಂದೆ ಚೆನ್ನಾಗಿ ಓಡಿದ ಗಾಡಿ ಲೋಂಡಾ ರಸ್ತೆಯಲ್ಲಿ ನಿಲ್ಲುತ್ತದೆ. ತಿರುವುಮುರುವಾದರೆ, ಅಂದರೆ ರೋಧಕವಿರುವ ಗಾಡಿಗೆ 3 ಓಮ್‌ನ ಕಾಯಿಲ್ ಬಿದ್ದರೆ, ಒಟ್ಟು ರೋಧ 4.5 ಓಮ್, ಪ್ರವಾಹ 2.7 ಆಂಪಿಯರಿಗೂ ಇಳಿದು ಕಿಡಿ ಬಡವಾಗುತ್ತದೆ. ಒಂದು ಸಾಮಾನ್ಯ ಮಲ್ಟಿಮೀಟರ್ ಇದ್ದರೆ ಅರೆನಿಮಿಷದಲ್ಲಿ ಇದನ್ನು ಅಂಗಡಿಯಲ್ಲೇ ಅಳೆಯಬಹುದು.

ಮಡಕೆಯ ಸೋದರ

ಖಾನಾಪುರದ ಮಣ್ಣು ಮಡಕೆ, ಹೆಂಚುಗಳಿಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಪ್ಲಗ್ಗಿನ ಬಿಳಿಯ ಕೊರಳೂ ಒಂದರ್ಥದಲ್ಲಿ ಮಡಕೆಯ ಸೋದರನೇ. ಮಣ್ಣಿನ ಬದಲು ಅಲ್ಯೂಮಿನಾ ಪುಡಿಯನ್ನು ಒತ್ತಿ, ಸುಮಾರು 1,600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟದ್ದು. ಎಂಜಿನ್ನಿನೊಳಗೆ ಅದರ ತುದಿ ಸುಮಾರು 450ರಿಂದ 850 ಡಿಗ್ರಿಯ ನಡುವೆ ಇರಬೇಕು. ಅದಕ್ಕಿಂತ ತಣ್ಣಗಿದ್ದರೆ ಮಸಿ ಕಟ್ಟುತ್ತದೆ. ಹೆಚ್ಚು ಬಿಸಿಯಾದರೆ ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೇ ತೂತು ಬೀಳಬಹುದು.

ಆದ್ದರಿಂದ ಪ್ಲಗ್ಗಿಗೆ 'ಶಾಖಶ್ರೇಣಿ' ಎಂಬ ಅಂಕಿ ಇರುತ್ತದೆ. ಇಲ್ಲೊಂದು ಗುಂಡಿ ಇದೆ, ಎಚ್ಚರ! ಬಾಷ್ ಪ್ಲಗ್ಗಿನಲ್ಲಿ ಅಂಕಿ ಏರಿದಂತೆ ಪ್ಲಗ್ ಹೆಚ್ಚು 'ಬಿಸಿ'; ಜಪಾನಿನ ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ಹೆಚ್ಚು 'ತಂಪು'. ಬಾಷ್‌ನ 7 ಸುಮಾರು ಎನ್‌ಜಿಕೆಯ 6ಕ್ಕೆ, ಬಾಷ್‌ನ 8 ಎನ್‌ಜಿಕೆಯ 5ಕ್ಕೆ ಸಮ. ಅಂಕಿ ಒಂದೇ ಎಂದು 8ಕ್ಕೆ 8 ಹಾಕಿದವರ ಪ್ಲಗ್ ಬೇಗನೆ ಮಸಿ ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ.

ಉದ್ದವನ್ನೂ ನೋಡಬೇಕು. 14 ಮಿಲಿಮೀಟರ್ ವ್ಯಾಸದ ಪ್ಲಗ್ಗುಗಳಲ್ಲೇ ಮರೆಯ ಉದ್ದ 12.7 ಮಿ.ಮೀ. ಇರುವುದೂ ಉಂಟು, 19 ಮಿ.ಮೀ. ಇರುವುದೂ ಉಂಟು. ಗಿಡ್ಡ ಮರೆಯ ತೂತಿಗೆ ಉದ್ದನೆಯದನ್ನು ತಿರುಗಿಸಿದರೆ ಅದು ಪಿಸ್ಟನ್ನಿಗೇ ತಗಲಬಹುದು.

ಆಟೋ ನಗರಕ್ಕೆ ಹೊರಡುವ ಮುನ್ನ

ಕಾರಿನ ಹೆಸರೊಂದನ್ನೇ ನಂಬದೆ, ಎಂಜಿನ್ ಸಂಖ್ಯೆ, ತಯಾರಾದ ವರ್ಷ, ಡಿಸ್ಟ್ರಿಬ್ಯೂಟರಿನ ಮೈಮೇಲೆ ಅಚ್ಚೊತ್ತಿದ ಅಂಕಿ ಇವನ್ನು ಬರೆದುಕೊಳ್ಳಬೇಕು. ಹಿಂದಿನ ಮಾಲೀಕರು ಡಿಸ್ಟ್ರಿಬ್ಯೂಟರನ್ನೇ ಬದಲಿಸಿರುವ ಸಂಭವವೂ ಉಂಟು. ಹಳೆಯ ಭಾಗವನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗೇ ಒಯ್ಯಬೇಕು. ಪಕ್ಕದಲ್ಲಿಟ್ಟು ತಿರುಪಿನ ರಂಧ್ರ, ರೋಟರಿನ ಎತ್ತರ, ಕ್ಯಾಪಿನ ಗಾಡಿ ಎಲ್ಲವನ್ನೂ ಹೋಲಿಸಬೇಕು. ರೋಟರ್ ಮತ್ತು ಕ್ಯಾಪ್ ಗಂಡಹೆಂಡಿರಿದ್ದಂತೆ, ಒಂದೇ ತಯಾರಕರದಾದರೆ ಮೇಲು. ಮಳೆನಾಡಿಗೆ ಕ್ಯಾಪಿನೊಳಗಿನ ಕಂಬಗಳು ಅಲ್ಯೂಮಿನಿಯಂಗಿಂತ ಹಿತ್ತಾಳೆಯವಾದರೆ ಬಾಳಿಕೆ ಹೆಚ್ಚು.

ಆದರೆ ಖರೀದಿಗೆ ಮೊದಲೇ ಒಂದು ಕೆಲಸವಿದೆ. ಬ್ಯಾಟರಿಯ ತಂತಿ ಕಳಚಿ, ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ಒಣಬಟ್ಟೆಯಿಂದ ಒರೆಸಿ ನೋಡುವುದು. ಮಳೆಗಾಲದ ಎಷ್ಟೋ 'ಕೆಟ್ಟ ಕಾಯಿಲ್'ಗಳು ಇಷ್ಟರಿಂದಲೇ ಗುಣವಾಗುತ್ತವೆ. ಒಳಗೋಡೆಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಮಾತ್ರ ಕ್ಯಾಪ್ ಬದಲಿಸಲೇಬೇಕು. ವಿದ್ಯುತ್ತು ಅಲ್ಲಿ ಕಳ್ಳದಾರಿ ಮಾಡಿಕೊಂಡಿದೆ.

ಬದಲಿಸುವುದಾದರೆ ಒಂದು ಸಲಕ್ಕೆ ಒಂದೇ ಭಾಗ. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ದೋಷ ಯಾವುದರಲ್ಲಿತ್ತೆಂದು ತಿಳಿಯದು, ಹೊಸ ಭಾಗದಲ್ಲೇ ದೋಷವಿದ್ದರೆ ದೇವರೇ ಗತಿ. ಕೆಡದಿದ್ದರೂ ಕಳಚಿದ ಹಳೆಯ ಪಾಯಿಂಟು, ಕಂಡೆನ್ಸರ್‌ಗಳನ್ನು ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊಂಡರೆ ರಾತ್ರಿಯ ದಾರಿಯಲ್ಲಿ ಅವೇ ಬಂಧುಗಳು.

ಪಾಲಕರಿಗೊಂದು ಮಾತು: ಎಂಜಿನ್ ಓಡುವಾಗ ಮಕ್ಕಳು ಕಾಯಿಲ್, ಪ್ಲಗ್ಗಿನ ತಂತಿಗಳನ್ನು ಮುಟ್ಟಬಾರದು, ಅಲ್ಲಿರುವುದು ಸಾವಿರಾರು ವೋಲ್ಟ್. ಅಳತೆಯೆಲ್ಲ ಎಂಜಿನ್ ನಿಂತಿರುವಾಗ, ಬ್ಯಾಟರಿ ಕಳಚಿ, ಹಿರಿಯರ ಎದುರಿನಲ್ಲೇ ನಡೆಯಲಿ. ಆದರೆ ಅಳೆಯಲು ಬಿಡಿ. ಪರೀಕ್ಷೆಗೆಂದು ಉರುಹೊಡೆದ ಓಮ್ ನಿಯಮ ಅಪ್ಪನ ಹಳೆಯ ಕಾರಿನ ಕಾಯಿಲ್‌ನಲ್ಲಿ 3 ಎಂದು ತೋರಿಸಿದಾಗ ಮಗಳಿಗೋ ಮಗನಿಗೋ ಆ ಪಾಠ ಮತ್ತೆ ಮರೆಯುವುದಿಲ್ಲ. ಮುಂದಿನ ಸಲ ಅಂಗಡಿಯವರು 'ಇದು ಎಲ್ಲ ಗಾಡಿಗೂ ಕೂಡುತ್ತದೆ' ಎಂದಾಗ, 'ಎಷ್ಟು ಓಮ್?' ಎಂದು ಕೇಳುವವರು ಮನೆಯಲ್ಲೊಬ್ಬರು ಇರುತ್ತಾರೆ.