ಹ್ಯಾಸ್ಕೆಲ್ ಮೊದಲೋ, ಓಕ್ಯಾಮಲ್ ಮೊದಲೋ?

ಪ್ರಶ್ನೆ: ಎರಡೂ ಭಾಷೆಗಳಲ್ಲಿ ಟೈಪ್ ಬಿಗಿಯಂತೆ. ವ್ಯತ್ಯಾಸವೇನು? ಮೊದಲು ಯಾವುದನ್ನು ಕಲಿಯಲಿ?
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ಭದ್ರಾವತಿ)

ಉತ್ತರ: ಭದ್ರಾವತಿಯಿಂದ ಶಿವಮೊಗ್ಗಕ್ಕೆ ಆಟೊ ಬಾಡಿಗೆ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುತ್ತೀರಿ ಎನ್ನಿ. ಕಿಲೋಮೀಟರಿಗೊಂದು, ರೂಪಾಯಿಗೊಂದು ಟೈಪ್ ಮಾಡಿಟ್ಟರೆ, ಅವೆರಡನ್ನು ಅಪ್ಪಿತಪ್ಪಿ ಕೂಡಿಸಿದ ಸಾಲನ್ನು ಎರಡೂ ಭಾಷೆಗಳ ಕಂಪೈಲರ್ ಮೊದಲೇ ಹಿಡಿಯುತ್ತದೆ. ಆದರೆ ಲೆಕ್ಕದ ನಡುವೆ ಫೈಲಿಗೆ ಏನಾದರೂ ಬರೆದರೆ ಓಕ್ಯಾಮಲ್‌ನಲ್ಲಿ ಫಂಕ್ಷನ್ನಿನ ಟೈಪ್ ಬದಲಾಗದು. ಹ್ಯಾಸ್ಕೆಲ್‌ನಲ್ಲಿ ಅದು ‘ಐಒ’ ಎಂದು ಟೈಪಿನಲ್ಲೇ ಕಾಣಬೇಕು. ಈ ಕಟ್ಟುನಿಟ್ಟು ನನಗೆ ತುಂಬ ಇಷ್ಟ. 2022ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ನಮ್ಮ ಯಾತ್ರಿ’ ಆಟೊ ಆ್ಯಪ್‌ನ ಸರ್ವರ್ ಕೋಡ್ ಹ್ಯಾಸ್ಕೆಲ್‌ನದೇ, ಓದಿ ನೋಡಿ. ಆದರೂ ಮೊದಲು ಓಕ್ಯಾಮಲ್ ಹಿಡಿಯಿರಿ: ಬೇಕಾದಲ್ಲಿ ಲೂಪ್ ಬಳಸಲು, ಮೌಲ್ಯ ಬದಲಿಸಲು ಬಿಡುವುದರಿಂದ ಸಿ ಕಲಿತವರಿಗೆ ಅದು ಬೇಗ ಒಗ್ಗುತ್ತದೆ.