28 ಪದಗಳ ಒಂದು ವಾಕ್ಯ: ನಮ್ಮ ಪ್ರಕಟಣೆ ಓದಲು ಎಷ್ಟು ಸುಲಭ?



ಕೆಲವು ತಿಂಗಳ ಹಿಂದೆ ನಮ್ಮ ಜಾಲತಾಣದಲ್ಲಿ ನಾವೇ ಹಾಕಿದ್ದ ಒಂದು ಪ್ರಕಟಣೆಯನ್ನು ಇಲ್ಲಿ ಹಾಗೆಯೇ ಕೊಡುತ್ತಿದ್ದೇವೆ. ಒಮ್ಮೆ ಓದಿ ನೋಡಿ.

‘ಗಡಿನಾಡು ಕನ್ನಡಿಗ ವಿಭಾಗದಡಿ ವೃತ್ತಿಪರ ಕೋರ್ಸುಗಳ ಪ್ರವೇಶಾತಿಗಾಗಿ ಅರ್ಹತೆ ಹೊಂದಿರುವ ಹಾಗೂ ಸಂಬಂಧಪಟ್ಟ ಪ್ರಾಧಿಕಾರದಿಂದ ನಿಗದಿಪಡಿಸಲಾಗಿರುವ ನಮೂನೆಯಲ್ಲಿ ವಾಸಸ್ಥಳ ಹಾಗೂ ವ್ಯಾಸಂಗ ಪ್ರಮಾಣಪತ್ರಗಳನ್ನು ಪಡೆದುಕೊಂಡಿರುವ ವಿದ್ಯಾರ್ಥಿಗಳು ಪರಿಶೀಲನೆಗಾಗಿ ಅವುಗಳ ಜೆರಾಕ್ಸ್ ಪ್ರತಿಗಳೊಂದಿಗೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹಾಜರಾಗತಕ್ಕದ್ದು.’

ಪುಟ ತೆರೆದು ನೋಡಿದವರು ಬಹಳ ಜನ ಇದ್ದರು ಎಂದು ಜಾಲತಾಣದ ಎಣಿಕೆ ಹೇಳುತ್ತಿತ್ತು. ಭಾನುವಾರ ಬಂದವರು ಮಾತ್ರ ಬೆರಳೆಣಿಕೆಯಷ್ಟು. ಬಂದವರಲ್ಲೂ ಒಬ್ಬರು ಜೆರಾಕ್ಸ್ ತಂದಿರಲಿಲ್ಲ. ಬಾರದವರನ್ನು ಆಮೇಲೆ ವಿಚಾರಿಸಿದಾಗ ಒಬ್ಬ ತಾಯಿ ಹೇಳಿದ್ದು ಇಷ್ಟೇ: ‘ನೋಡಿದೆ ಸರ್. ಯಾವುದೋ ಆಫೀಸಿನ ನೋಟೀಸು ಅನ್ನಿಸ್ತು. ನಮಗಲ್ಲ ಅಂದ್ಕೊಂಡು ಬಿಟ್ಟೆ.’ ಅವರ ಮಗ ಆಗ ಇಂಟರ್ ಎರಡನೇ ವರ್ಷದಲ್ಲಿದ್ದ.

ವಿಷಯ ಸಣ್ಣದಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆಂದು ಅರ್ಹತೆಯ ಒಂದು ಬಾಗಿಲು ಇದೆ. ಪಟ್ಟಿಯಲ್ಲಿರುವ ಗಡಿ ತಾಲ್ಲೂಕುಗಳ ಕನ್ನಡ ಮನೆಯ ಮಕ್ಕಳು ಅದರಿಂದ ಒಳಗೆ ಹೋಗಬಹುದು. ಆದರೆ ಸರ್ಟಿಫಿಕೇಟು ಹೇಳಿದ ನಮೂನೆಯಲ್ಲೇ ಇರಬೇಕು, ಹೇಳಿದ ದಿನದೊಳಗೇ ಇರಬೇಕು. ದಿನ ತಪ್ಪಿದರೆ ವರ್ಷವೇ ತಪ್ಪಿದಂತೆ. ಅಂಥ ಮಾತನ್ನು ನಾವು ಯಾರಿಗೂ ತಲುಪದ ಹಾಗೆ ಬರೆದು ಹಾಕಿದ್ದೆವು. ತಪ್ಪು ಓದಿದವರದಲ್ಲ, ನಮ್ಮದು.

ಬರಹ ಓದಲು ಸುಲಭವೋ ಕಷ್ಟವೋ ಎಂಬುದನ್ನು ಅಳೆಯುವ ವಿಧಾನಗಳಿವೆ ಎಂದು ನಮ್ಮ ಯುವ ಸದಸ್ಯರೊಬ್ಬರು ಆಗ ನೆನಪಿಸಿದರು. ವಿದ್ವಾಂಸರು ಇದನ್ನು ವಾಚನೀಯತೆ ಎನ್ನುತ್ತಾರೆ. ಇದರಲ್ಲಿ ಹೆಸರಾದದ್ದು ರುಡಾಲ್ಫ್ ಫ್ಲೆಶ್ ಎಂಬವರು 1948ರಲ್ಲಿ ಕೊಟ್ಟ ಸೂತ್ರ. ಅದನ್ನೇ ತಿದ್ದಿ 1975ರಲ್ಲಿ ಅಮೆರಿಕದ ನೌಕಾಪಡೆಯ ಕೈಪಿಡಿಗಳಿಗಾಗಿ ಕಿಂಕೇಡ್ ಮತ್ತು ಅವರ ಸಂಗಡಿಗರು ಇನ್ನೊಂದು ಸೂತ್ರ ಮಾಡಿದರು. ಇಂದು ಇಂಗ್ಲಿಷ್ ಜಾಲತಾಣ ನಡೆಸುವವರ ಸಾಧನಗಳಲ್ಲಿ ಇವೆರಡೂ ಸಿದ್ಧವಾಗಿಯೇ ಇರುತ್ತವೆ.

ಫ್ಲೆಶ್ ಲೆಕ್ಕ ಸರಳ. ಒಂದು ವಾಕ್ಯಕ್ಕೆ ಸರಾಸರಿ ಎಷ್ಟು ಪದ ಎಂದು ನೋಡಿ ಅದನ್ನು 1.015ರಿಂದ ಗುಣಿಸಬೇಕು. ಒಂದು ಪದಕ್ಕೆ ಸರಾಸರಿ ಎಷ್ಟು ಉಚ್ಚಾರದ ತುಣುಕು ಎಂದು ನೋಡಿ ಅದನ್ನು 84.6ರಿಂದ ಗುಣಿಸಬೇಕು. ಎರಡನ್ನೂ 206.835ರಿಂದ ಕಳೆದರೆ ಅಂಕ ಸಿಗುತ್ತದೆ. 60ರಿಂದ 70 ಬಂದರೆ ಸಾಮಾನ್ಯ ಓದುಗರಿಗೆ ಸರಿ. 30ಕ್ಕಿಂತ ಕೆಳಗೆ ಬಂದರೆ ಬಹಳ ಕಷ್ಟ.

ನಾವೂ ಉತ್ಸಾಹದಿಂದ ಲೆಕ್ಕಕ್ಕೆ ಕುಳಿತೆವು. ಕನ್ನಡದಲ್ಲಿ ಉಚ್ಚಾರದ ತುಣುಕು ಎಣಿಸುವುದು ಸುಲಭ, ಒಂದು ಅಕ್ಷರವೆಂದರೆ ಹೆಚ್ಚುಕಡಿಮೆ ಒಂದು ತುಣುಕು. ಮೊದಲಿಗೆ ಮೂರನೇ ತರಗತಿಯ ಮಗುವೂ ಓದಬಲ್ಲ ಒಂದು ವಾಕ್ಯ ತೆಗೆದುಕೊಂಡೆವು: ‘ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಶಾಲೆಯ ಹತ್ತಿರ ಬನ್ನಿ.’ ಪದಗಳು 7, ಅಕ್ಷರಗಳು 18. ಸೂತ್ರಕ್ಕೆ ಹಾಕಿದರೆ ಬಂದ ಅಂಕ ಸೊನ್ನೆಗಿಂತಲೂ ಕೆಳಗೆ, ಮೈನಸ್ 17.8! ಆ ಲೆಕ್ಕದ ಪ್ರಕಾರ ಇಷ್ಟು ಸರಳ ವಾಕ್ಯವೂ ಕಾನೂನಿನ ಪುಸ್ತಕಕ್ಕಿಂತ ಕಷ್ಟ. ಸಭೆಯಲ್ಲಿದ್ದವರೆಲ್ಲ ನಕ್ಕರು.

ತಪ್ಪು ಸೂತ್ರದ್ದೂ ಅಲ್ಲ, ಕನ್ನಡದ್ದೂ ಅಲ್ಲ. ಇಂಗ್ಲಿಷಿನಲ್ಲಿ ‘ಫ್ರಮ್’, ‘ಇನ್’, ‘ಟು’ ಎಂಬ ಚಿಕ್ಕ ಪದಗಳು ಬೇರೆಯಾಗಿ ನಿಲ್ಲುತ್ತವೆ. ನಮ್ಮಲ್ಲಿ ಅವು ಪ್ರತ್ಯಯವಾಗಿ ಪದಕ್ಕೇ ಅಂಟಿಕೊಳ್ಳುತ್ತವೆ. ಶಾಲೆಯಿಂದ, ಶಾಲೆಯಲ್ಲಿ, ಶಾಲೆಗೆ. ಹೀಗಾಗಿ ನಮ್ಮ ಪದಗಳು ಉದ್ದ. ಉದ್ದವಾದರೂ ಕಷ್ಟವಲ್ಲ. ‘ಹೋಗಬೇಕಾಗಿತ್ತು’ ಎಂಬುದರಲ್ಲಿ ಆರು ಅಕ್ಷರ, ಚಿಕ್ಕ ಮಕ್ಕಳೂ ಆಡುವ ಮಾತು. ‘ಪ್ರಾಧಿಕಾರ’ ಎಂಬುದರಲ್ಲಿ ನಾಲ್ಕೇ ಅಕ್ಷರ, ಬಿ.ಎ. ಓದಿದವರೂ ಅರ್ಥ ಕೇಳುತ್ತಾರೆ. ಪದದ ಉದ್ದ ಅಳೆಯುವ ಕೋಲನ್ನು ಕನ್ನಡಕ್ಕೆ ಹಿಡಿದು ಪ್ರಯೋಜನವಿಲ್ಲ.

ಆದರೆ ಸೂತ್ರದ ಇನ್ನೊಂದು ಅರ್ಧ, ಅಂದರೆ ವಾಕ್ಯದ ಉದ್ದ, ನಮಗೆ ಇಂಗ್ಲಿಷಿಗಿಂತ ಹೆಚ್ಚು ಮುಖ್ಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ಬರುವವರೆಗೆ ಓದುಗರು ಹಿಂದಿನದನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡಿರಬೇಕು. ನಮ್ಮ ಪ್ರಕಟಣೆಯನ್ನೇ ನೋಡಿ. ಒಟ್ಟು 28 ಪದ. ಯಾರಿಗೆ ಹೇಳುತ್ತಿದ್ದೇವೆ ಎಂದು ತಿಳಿಯುವುದು 19ನೇ ಪದದಲ್ಲಿ, ‘ವಿದ್ಯಾರ್ಥಿಗಳು’ ಎಂದಾಗ. ಏನು ಮಾಡಬೇಕು ಎಂದು ತಿಳಿಯುವುದು ಕೊನೆಯ ಪದದಲ್ಲಿ. ನಡುವೆ ‘ಹೊಂದಿರುವ’, ‘ನಿಗದಿಪಡಿಸಲಾಗಿರುವ’, ‘ಪಡೆದುಕೊಂಡಿರುವ’ ಎಂದು ಮೂರು ಗಂಟು. ಫೋನಿನ ಸಣ್ಣ ಪರದೆಯಲ್ಲಿ, ಬಸ್ಸಿನಲ್ಲಿ ನಿಂತು ಓದುವವರು ಎರಡನೇ ಗಂಟಿಗೇ ಕೈಬಿಟ್ಟಿರುತ್ತಾರೆ.

ಆದ್ದರಿಂದ ಈಗ ನಾವು ಎಣಿಸುವುದು ಅಕ್ಷರವನ್ನಲ್ಲ. ಯಾರಿಗೆ ಎಂಬುದು ಮೊದಲ ಐದು ಪದಗಳೊಳಗೆ ಬಂದಿದೆಯೇ, ಒಂದು ವಾಕ್ಯದಲ್ಲಿ ‘ಇರುವ’ ಎಂದು ಮುಗಿಯುವ ಗಂಟು ಒಂದಕ್ಕಿಂತ ಹೆಚ್ಚಿದೆಯೇ, ವಾಕ್ಯ ಹತ್ತು ಹನ್ನೆರಡು ಪದ ದಾಟಿದೆಯೇ, ಇಷ್ಟನ್ನು ನೋಡುತ್ತೇವೆ. ಹನ್ನೆರಡು ಎಂಬುದು ಯಾವ ಶಾಸ್ತ್ರದಲ್ಲೂ ಇಲ್ಲ, ನಮ್ಮ ಮನೆಯ ಅಳತೆ. ಗಟ್ಟಿಯಾಗಿ ಓದಿ ಒಂದೇ ಉಸಿರಿಗೆ ಮುಗಿಯದಿದ್ದರೆ ಮುರಿಯುತ್ತೇವೆ.

ಇಷ್ಟು ಮಾಡಿದರೆ ಬೆಂಗಳೂರಿನ ಓದುಗರಿಗೆ ಸಾಕಾಗಬಹುದು. ನಮ್ಮ ಊರುಗಳಿಗೆ ಸಾಲದು. ಇಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಮಾತು ಒಂದರಲ್ಲಿ ಬೆಳೆದು ಓದು ಇನ್ನೊಂದರಲ್ಲಿ ಬೆಳೆದಿದೆ. ‘ಸಂಸ್ಕೃತ ಪದ ಬಿಡಿ, ಅಚ್ಚಗನ್ನಡ ಬರೆಯಿರಿ, ಸುಲಭವಾಗುತ್ತದೆ’ ಎಂಬುದು ಸಾಮಾನ್ಯ ಸಲಹೆ. ಅದು ಹಳೆಯ ಮಾತು. 12ನೇ ಶತಮಾನದ ನಯಸೇನನೇ ಕನ್ನಡಕ್ಕೆ ಸಂಸ್ಕೃತ ಬೆರೆಸುವುದನ್ನು ಎಣ್ಣೆಗೆ ತುಪ್ಪ ಬೆರೆಸುವುದಕ್ಕೆ ಹೋಲಿಸಿದ್ದ. ಆದರೆ ಗಡಿಯಲ್ಲಿ ಆ ಸಲಹೆ ಅರ್ಧವೇ ನಿಜ. ‘ಕಾರ್ಯಕ್ರಮ’, ‘ಅಧ್ಯಕ್ಷ’, ‘ವಿದ್ಯಾರ್ಥಿ’ ಮುಂತಾದವು ತೆಲುಗಿನಲ್ಲೂ ಇರುವುದರಿಂದ ನಮ್ಮ ಮಕ್ಕಳಿಗೆ ಅವೇ ಸಲೀಸು. ಹೊಸದಾಗಿ ಕಟ್ಟಿದ ಅಚ್ಚಗನ್ನಡ ಪದ ಬಂದರೆ ಅವರು ನಿಲ್ಲುತ್ತಾರೆ.

ಹೆಚ್ಚು ಅಪಾಯ ಬೇರೆ ಕಡೆ ಇದೆ. ಎರಡೂ ಭಾಷೆಯಲ್ಲಿ ಇರುವ, ಆದರೆ ಬೇರೆ ಬೇರೆ ಅರ್ಥ ಕೊಡುವ ಪದಗಳು. ಕನ್ನಡದಲ್ಲಿ ಅವಸರ ಎಂದರೆ ಆತುರ, ತೆಲುಗಿನ ‘ಅವಸರಂ’ ಎಂದರೆ ಅಗತ್ಯ. ಒಮ್ಮೆ ನಾವು ‘ಹಿರಿಯರು ಬರುವುದಕ್ಕೆ ಅವಸರವಿಲ್ಲ’ ಎಂದು ಬರೆದಿದ್ದೆವು. ನಿಧಾನವಾಗಿ ಬರಲಿ ಎಂಬುದು ನಮ್ಮ ಭಾವ. ಹಿರಿಯರು ಬರುವ ಅಗತ್ಯವೇ ಇಲ್ಲ ಎಂದು ಓದಿದವರು ಇದ್ದರು. ಒಬ್ಬರು ತಾತ ಮುನಿಸಿಕೊಂಡದ್ದು ಈಗಲೂ ಪೂರ್ತಿ ಇಳಿದಿಲ್ಲ.

ಇನ್ನೂ ಇವೆ. ಕನ್ನಡದ ಉದ್ಯಮ ವ್ಯಾಪಾರ, ಕೈಗಾರಿಕೆ. ತೆಲುಗಿನ ‘ಉದ್ಯಮಂ’ ಚಳವಳಿ. ಕನ್ನಡದ ಪರಿಶ್ರಮ ದುಡಿಮೆ, ತೆಲುಗಿನ ‘ಪರಿಶ್ರಮ’ ಕಾರ್ಖಾನೆ. ಕನ್ನಡದ ಶಿಕ್ಷಣ ವಿದ್ಯೆ, ತೆಲುಗಿನ ‘ಶಿಕ್ಷಣ’ ತರಬೇತಿ. ಮಹಿಳೆಯರಿಗೆ ಉದ್ಯಮ ಶಿಬಿರ ಎಂದು ಬರೆದರೆ ಅದು ಧರಣಿ ಹೂಡುವ ಶಿಬಿರವೇ ಎಂದು ಯಾರಾದರೂ ಕೇಳಿದರೆ ನಗುವಂತಿಲ್ಲ. ಮೇಲಿನ ಪ್ರಕಟಣೆಯಲ್ಲೇ ‘ವ್ಯಾಸಂಗ ಪ್ರಮಾಣಪತ್ರ’ ಎಂದಿದೆ. ತೆಲುಗಿನಲ್ಲಿ ‘ವ್ಯಾಸಂಗಂ’ ಎಂದರೆ ಹವ್ಯಾಸ, ತೊಡಗಿಕೊಂಡ ಕೆಲಸ. ‘ಪ್ರಮಾಣಂ’ ಎಂದೊಡನೆ ನೆನಪಾಗುವುದು ಆಣೆ. ಸರ್ಟಿಫಿಕೇಟಿಗೆ ಅಲ್ಲಿ ಧ್ರುವೀಕರಣ ಪತ್ರ ಎನ್ನುತ್ತಾರೆ. ಹಾಗಾದರೆ ನಾವು ಕೇಳಿದ್ದು ಓದಿನ ದಾಖಲೆಯನ್ನೋ, ಹವ್ಯಾಸದ ಆಣೆಪತ್ರವನ್ನೋ? ಯಾವ ಸೂತ್ರಕ್ಕೂ ಇದು ಕಾಣುವುದಿಲ್ಲ. ಇಲ್ಲಿ ‘ಸರ್ಟಿಫಿಕೇಟು’ ಎಂದು ಬರೆಯುವುದೇ ಲೇಸು. ಕನ್ನಡ ಸಂಘದವರೇ ಇಂಗ್ಲಿಷ್ ಪದ ಬಳಸುತ್ತಾರೆ ಎಂದು ಕೆಲವರು ಬೇಸರಪಟ್ಟರು. ಆ ಬೇಸರ ನಮಗೂ ಇದೆ. ಆದರೂ ಬಳಸುತ್ತೇವೆ.

ಲಿಪಿಯ ಮಾತೂ ಒಂದಿದೆ. ಎರಡು ಲಿಪಿಗಳೂ ಅಕ್ಕತಂಗಿಯರು. ಹಿಂದೂಪುರದಿಂದ ಹತ್ತಿರದ ಲೇಪಾಕ್ಷಿಗೆ ಹೋದರೆ ವೀರಭದ್ರ ದೇವಾಲಯದಲ್ಲಿ ಕನ್ನಡ ಶಾಸನಗಳೇ ಇವೆ. ತೆಲುಗು ಶಾಲೆಯ ಹುಡುಗರು ಕನ್ನಡ ಪುಟದಲ್ಲಿ ಗ, ದ, ರ, ಲ, ಮ ನೋಡಿ ಸುಲಭವಾಗಿ ಸಾಗುತ್ತಾರೆ. ಕ, ತ, ಶ ಬಂದಾಗ ಸ್ವಲ್ಪ ತಡೆಯುತ್ತಾರೆ. ಅವರನ್ನು ಪೂರ್ತಿ ನಿಲ್ಲಿಸುವುದು ಅರ್ಕಾವತ್ತು. ‘ಸೂರ್ಯ’ ಎಂದು ಬರೆಯುವಾಗ ನಾವು ‘ರ’ದ ಗುರುತನ್ನು ‘ಯ’ ಆದಮೇಲೆ ಇಡುತ್ತೇವೆ. ಇಂದಿನ ತೆಲುಗಿನಲ್ಲಿ ‘ರ’ ಮೊದಲು ಪೂರ್ತಿಯಾಗಿ ಬಂದು ‘ಯ’ ಅದರ ಒತ್ತಾಗುತ್ತದೆ. ಅರ್ಕಾವತ್ತಿನ ಪದಗಳನ್ನು ಬಿಟ್ಟು ಬರೆಯಲು ಆಗದು, ‘ಕರ್ನಾಟಕ’ ಎಂಬುದರಲ್ಲೇ ಅದು ಇದೆ! ಸಾಲಾಗಿ ಮೂರು ನಾಲ್ಕು ಬಾರದಂತೆ ನೋಡಿಕೊಳ್ಳಬಹುದು, ಅಷ್ಟೇ. ಪ್ರಕಟಣೆಯನ್ನು ತೆಲುಗು ಲಿಪಿಯಲ್ಲೂ ಕೊಡಿ, ಭಾಷೆ ಕನ್ನಡವೇ ಇರಲಿ ಎಂದು ಕಲ್ಯಾಣದುರ್ಗದ ಕೆಲವು ಸದಸ್ಯರು ಕೇಳಿದ್ದಾರೆ. ಹಾಗೆ ಮಾಡಿದರೆ ಮಕ್ಕಳು ಕನ್ನಡ ಅಕ್ಷರ ಕಲಿಯುವುದೇ ಇಲ್ಲ ಎಂದು ಇನ್ನು ಕೆಲವರ ವಾದ. ಸಮಿತಿಯಲ್ಲಿ ಇನ್ನೂ ಒಮ್ಮತವಾಗಿಲ್ಲ. ಸದ್ಯಕ್ಕೆ ಮುಖ್ಯ ಪ್ರಕಟಣೆಗಳನ್ನು ಒಬ್ಬರು ಓದಿ ವಾಟ್ಸಾಪಿನಲ್ಲಿ ಧ್ವನಿ ಸಂದೇಶವಾಗಿಯೂ ಕಳಿಸುತ್ತಿದ್ದೇವೆ.

ನಮಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಒಂದು ಹಳೆಯ ಪರೀಕ್ಷೆ. 1953ರಲ್ಲಿ ವಿಲ್ಸನ್ ಟೇಲರ್ ಎಂಬವರು ಹೇಳಿಕೊಟ್ಟದ್ದು. ಬರಹದಲ್ಲಿ ಪ್ರತಿ ಐದನೇ ಪದವನ್ನು ಅಳಿಸಿ ಗೆರೆ ಎಳೆಯಿರಿ. ಓದುಗರಿಗೆ ಕೊಟ್ಟು ಖಾಲಿ ಜಾಗ ತುಂಬಲು ಹೇಳಿ. ಎಷ್ಟು ಸರಿ ತುಂಬಿದರೋ ಬರಹ ಅವರಿಗೆ ಅಷ್ಟು ಸುಲಭ. ಶಾಲೆಯ ‘ಬಿಟ್ಟ ಸ್ಥಳ ತುಂಬಿರಿ’ ತರಹದ್ದೇ. ಆದರೆ ಇಲ್ಲಿ ಪರೀಕ್ಷೆಗೆ ಕೂರುವುದು ಬರೆದವರು. ಟೇಲರ್ ಅಳಿಸಿದ ಪದವೇ ಬರಬೇಕು ಎಂದಿದ್ದರು. ಕನ್ನಡದಲ್ಲಿ ಪ್ರತ್ಯಯ ಬದಲಾದರೆ ಪದವೇ ಬೇರೆಯಾಗಿ ಕಾಣುವುದರಿಂದ ನಾವು ಅರ್ಥ ಸರಿಯಿದ್ದರೆ ಸರಿ ಎನ್ನುತ್ತೇವೆ. ಅರ್ಧಕ್ಕಿಂತ ಕಡಿಮೆ ತುಂಬಿದರೆ ಬರಹ ವಾಪಸ್.

ಹಳೆಯ ಪ್ರಕಟಣೆಯನ್ನು ಹೀಗೆ ಐದು ಜನರಿಗೆ ಕೊಟ್ಟೆವು. ಅರ್ಧ ಮುಟ್ಟಿದವರು ಒಬ್ಬರೇ, ಅವರು ನಿವೃತ್ತ ಗುಮಾಸ್ತರು. ಆಮೇಲೆ ಹೀಗೆ ಬರೆದೆವು:

‘ನಿಮ್ಮ ಮನೆಯಲ್ಲಿ ಇಂಟರ್ ಓದುವ ಮಕ್ಕಳಿದ್ದಾರೆಯೇ? ಕರ್ನಾಟಕದ ಕಾಲೇಜಿನಲ್ಲಿ ಸೀಟು ಪಡೆಯಲು ಗಡಿನಾಡು ಕನ್ನಡಿಗರಿಗೆ ಒಂದು ದಾರಿ ಇದೆ. ಅದಕ್ಕೆ ಮುಖ್ಯವಾಗಿ ಎರಡು ಸರ್ಟಿಫಿಕೇಟು ಬೇಕು: ಎಲ್ಲಿ ವಾಸ, ಎಲ್ಲಿ ಓದು. ಎರಡರ ಜೆರಾಕ್ಸ್ ತೆಗೆದುಕೊಂಡು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ. ಸರಿ ಇದೆಯೇ ಎಂದು ನೋಡಿ ಹೇಳುತ್ತೇವೆ.’

ಎಣಿಸಿ ನೋಡಿ. ಹಳೆಯದು 28 ಪದ, ಇದು 36. ಸುಲಭವಾದದ್ದೇ ಉದ್ದವಾಯಿತು. ಆದರೆ ಯಾವ ವಾಕ್ಯವೂ ಒಂಬತ್ತು ಪದ ದಾಟಿಲ್ಲ, ಯಾರಿಗೆ ಎಂಬುದು ಮೊದಲ ವಾಕ್ಯದಲ್ಲೇ ಇದೆ. ಚಿಕ್ಕದಾಗಿ ಬರೆದರೆ ಸುಲಭ ಎಂಬ ನಂಬಿಕೆ ನಮ್ಮಲ್ಲಿ ಬಹಳ ಜನಕ್ಕೆ ಇತ್ತು, ಅದು ಹೋಯಿತು.

ಹೊಸದನ್ನು ಮತ್ತೆ ಐದು ಜನರಿಗೆ ಕೊಟ್ಟೆವು. ಖಾಲಿ ಜಾಗಗಳನ್ನು ಎಲ್ಲರೂ ಚೆನ್ನಾಗಿಯೇ ತುಂಬಿದರು. ಹಿಂದೂಪುರದ ಒಬ್ಬ ಅಕ್ಕ ಹಾಳೆ ವಾಪಸ್ ಕೊಡುತ್ತಾ, ‘ಎಲ್ಲಾ ಅರ್ಥ ಆಯ್ತು. ನಮ್ಮ ತಾಲ್ಲೂಕಿಗೆ ಇದು ಇದೆಯಾ?’ ಎಂದು ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಆ ಅರ್ಹತೆ ಎಲ್ಲ ಗಡಿ ತಾಲ್ಲೂಕುಗಳಿಗೂ ಇಲ್ಲ, ಪಟ್ಟಿಯಲ್ಲಿ ಹೆಸರಿರುವ ತಾಲ್ಲೂಕುಗಳಿಗೆ ಮಾತ್ರ. ಮೊದಲು ಹೇಳಬೇಕಾದ ಮಾತೇ ಅದು. ಹಳೆಯ ಪ್ರಕಟಣೆಯಲ್ಲೂ ಇರಲಿಲ್ಲ, ಹೊಸದರಲ್ಲೂ ಇರಲಿಲ್ಲ. ಹಳೆಯದರಲ್ಲಿ ಅದು ಇಲ್ಲವೆಂದು ಯಾರಿಗೂ ತಿಳಿಯಲೇ ಇಲ್ಲ, ಅಷ್ಟು ದೂರ ಯಾರೂ ಓದಿರಲಿಲ್ಲ.

ಈಗ ಎರಡನೇ ವಾಕ್ಯವಾದಮೇಲೆ ‘ಆ ವರ್ಷದ ಸಿಇಟಿ ಮಾಹಿತಿ ಪುಸ್ತಕದಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಇದೆಯೇ ಮೊದಲು ನೋಡಿ’ ಎಂದು ಸೇರಿಸಿದ್ದೇವೆ. ಅದು 11 ಪದ. ಒಂದೇ ಉಸಿರಿಗೆ ಮುಗಿಯುತ್ತದೆ, ನೋಡಿದ್ದೇವೆ.

ಮುಂದಿನ ಮಾಸಿಕ ಸಭೆಗೆ ಬರುವಾಗ ಪ್ರತಿ ಊರಿನ ಸದಸ್ಯರು ಎರಡು ಕೆಲಸ ಮಾಡಿಕೊಂಡು ಬರಬೇಕೆಂದು ಕೋರಿಕೆ. ಕನ್ನಡದಲ್ಲೂ ತೆಲುಗಿನಲ್ಲೂ ಇದ್ದು ಅರ್ಥ ಬೇರೆಯಾಗುವ ಪದಗಳು ನಿಮ್ಮ ಮನೆಯಲ್ಲಿ ಯಾವುವು ಬಳಕೆಯಲ್ಲಿವೆ ಎಂದು ಬರೆದು ತನ್ನಿ. ಮತ್ತೆ ಈ ಬರಹವನ್ನು ಮನೆಯಲ್ಲಿ ಎಂಟನೇ ಅಥವಾ ಒಂಬತ್ತನೇ ತರಗತಿಯ ಮಗುವಿನಿಂದ ಗಟ್ಟಿಯಾಗಿ ಓದಿಸಿ, ಎಲ್ಲಿ ನಿಂತಿತೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಇದರಲ್ಲೂ ಹನ್ನೆರಡು ಪದ ದಾಟಿದ ವಾಕ್ಯಗಳು ಕೆಲವು ಉಳಿದಿವೆ ಎಂದು ನಮಗೆ ಗೊತ್ತು.