ಕಿವಿಯಲ್ಲೇ ಕಂಡ ಪುಣ್ಯಕೋಟಿ

ಟಿವಿ ಬರುವ ಮೊದಲು ಹಿರೇನಲ್ಲೂರಿನ ನಮ್ಮ ಮನೆಯಲ್ಲಿ ಸಂಜೆ ಅಂದ್ರೆ ರೇಡಿಯೋ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಸ್‌ನಲ್ಲಿ ಸಿಗುತ್ತಿತ್ತು. ಮುಳ್ಳು ಚೂರು ಸರಿದರೂ ಬರೀ ಗರಗರ. ನಾಟಕ ಬಂದರೆ ಮನೆಯೆಲ್ಲ ಗಪ್‌ಚಿಪ್.

ಈಗ ಮಕ್ಕಳ ಕೈಯಲ್ಲಿ ಮೊಬೈಲ್; ಕಥೆ ನೋಡ್ತಾರೆ, ಕೇಳೋದಿಲ್ಲ. ಅದಕ್ಕೇ ಈ ರಜೆಯಲ್ಲಿ ಮನೆಯಲ್ಲೇ ಲೈವ್ ರೇಡಿಯೋ ನಾಟಕ ಆಡಿಸಿದೆವು. ಕಥೆ ಪುಣ್ಯಕೋಟಿಯದು. ನಡುವೆ ಒಂದು ಬೆಡ್‌ಶೀಟ್ ಕಟ್ಟಿದೆವು. ಆ ಕಡೆ ಮಕ್ಕಳು, ಈ ಕಡೆ ನಾವು. ತೆಂಗಿನ ಚಿಪ್ಪು ತಟ್ಟಿದರೆ ಹಸುವಿನ ಗೊರಸು, ಒಣ ಎಲೆ ಹಿಸುಕಿದರೆ ಕಾಡು, ಖಾಲಿ ಕೊಡದೊಳಗೆ ಗುರುಗುಟ್ಟಿದರೆ ಹುಲಿ ಅರ್ಬುತ.

ಕಣ್ಣು ಮಂಜಾದ ಉಮ್ಮ ಟಿವಿ ಹಾಕಿದರೆ ಎದ್ದು ಒಳಗೆ ಹೋಗುವವರು. ಅವತ್ತು ಎಲ್ಲರಿಗಿಂತ ಮುಂದೆ ಕೂತರು.

ಲೈವ್ ಅಂದ ಮೇಲೆ ತಪ್ಪಿದರೆ ಎರಡನೇ ಸಲ ಇಲ್ಲ. ತಾಯಿ ಹೊರಟು ನಿಂತಾಗ ಕರುವಾಗಿದ್ದ ಚಿಕ್ಕವಳು ಮಾತು ಮರೆತು ಸುಮ್ಮನಾದಳು. ನಮಗೆ ಗಾಬರಿ. ಉಮ್ಮ ಮಾತ್ರ ಕಣ್ಣೊರೆಸಿಕೊಂಡು, "ಪಾಪ, ಕರು ಅಳ್ತಾ ಇದೆ" ಅಂದರು. ನಮಗೆ ತಪ್ಪಾಗಿ ಕೇಳಿದ ಮೌನ ಅವರಿಗೆ ಕಥೆಯಾಗಿತ್ತು.

ಖರ್ಚು ಏನೂ ಇಲ್ಲ. ನಾಲ್ಕು ದನಿ, ಎರಡು ಚಿಪ್ಪು, ಹತ್ತು ನಿಮಿಷ ಸಾಕು. ನಿಮ್ಮ ಮನೆಯಲ್ಲೂ ಆಡಿಸಿ ನೋಡಿ. ಕಣ್ಣು ಕಾಣದ ಹಿರಿಯರನ್ನು ಮೊದಲ ಸಾಲಿನಲ್ಲಿ ಕೂರಿಸಿ.